ಹೋಗುವ ದೂರವೇ ಬರುವ ದೂರ, ಹೊತ್ತು ಮಾತ್ರ ಬೇರೆ

ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಿಂದ ನ್ಯೂಯಾರ್ಕಿನ ಕೆನಡಿ ನಿಲ್ದಾಣಕ್ಕೆ ಸುಮಾರು 5,540 ಕಿಲೋಮೀಟರ್ ದೂರ. ಜೆಟ್ ವಿಮಾನಗಳು ಗಂಟೆಗೆ 900 ಕಿಲೋಮೀಟರಿನ ಆಸುಪಾಸಿನಲ್ಲಿ ಹಾರುತ್ತವೆಂದು ಓದಿದ್ದ ನಾನು, ಪ್ರಯಾಣಕ್ಕೆ ಆರು ಗಂಟೆ ಹತ್ತು ನಿಮಿಷ ಸಾಕೆಂದು ಲೆಕ್ಕ ಹಾಕಿಕೊಂಡಿದ್ದೆ. ಟಿಕೆಟ್ಟಿನಲ್ಲಿದ್ದದ್ದು ಎಂಟು ಗಂಟೆಗೂ ಹೆಚ್ಚು. ಉಳಿದ ಎರಡು ಗಂಟೆ ಎಲ್ಲಿ ಹೋಗುತ್ತದೆಂದು ನೋಡಿಯೇ ಬಿಡಬೇಕೆಂಬ ಹಟದಿಂದ ಆ ಜನವರಿಯ ಬೆಳಿಗ್ಗೆ ಕಿಟಕಿಯ ಪಕ್ಕ ಕುಳಿತೆ.

ಮೊದಲ ಉತ್ತರ ನೆಲದ ಮೇಲೆಯೇ ಸಿಕ್ಕಿತು. ಟಿಕೆಟ್ಟಿನ ಅವಧಿ ಗೇಟಿನಿಂದ ಗೇಟಿನವರೆಗಿನದು. ವಿಮಾನ ಗೇಟು ಬಿಟ್ಟು, ಸಾಲಿನಲ್ಲಿ ನಿಂತು, ರನ್‌ವೇಯಿಂದ ಮೇಲೇರುವಷ್ಟರಲ್ಲಿ ಇಪ್ಪತ್ತಾರು ನಿಮಿಷ ಕಳೆದಿತ್ತು.

ಎರಡನೆಯ ಉತ್ತರ ಎದುರಿನ ಪರದೆಯ ಮೇಲಿತ್ತು. ನ್ಯೂಯಾರ್ಕ್ ಲಂಡನ್ನಿಗಿಂತ ಅಕ್ಷಾಂಶದಲ್ಲಿ ಸುಮಾರು ಹನ್ನೊಂದು ಡಿಗ್ರಿ ದಕ್ಷಿಣಕ್ಕಿದ್ದರೂ ವಿಮಾನ ಹೊರಟದ್ದು ವಾಯವ್ಯಕ್ಕೆ. ಅದು ಸುತ್ತುದಾರಿಯಲ್ಲ, ಭೂಗೋಳದ ಮೇಲೆ ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಹಾಗೆಯೇ ಉತ್ತರಕ್ಕೆ ಹಾಯುತ್ತದೆ. ಚಪ್ಪಟೆ ನಕ್ಷೆಯಲ್ಲಿ ಬಿಲ್ಲಿನಂತೆ ಬಾಗಿ ಕಾಣುವ ಈ ಮಹಾವೃತ್ತದ ದಾರಿಯೇ ಎಲ್ಲಕ್ಕಿಂತ ಹತ್ತಿರದ್ದು, 5,540 ಎಂಬ ಅಂಕಿಯೂ ಅದರದ್ದೇ. ಹಾಗಾಗಿ ನನ್ನ ಎರಡು ಗಂಟೆ ದಾರಿಯಲ್ಲಿ ಕಳೆದುಹೋಗಿರಲಿಲ್ಲ.

ಐರ್ಲೆಂಡ್ ದಾಟಿದ ಮೇಲೆ ಪರದೆ ಎತ್ತರ, ಹೊರಗಿನ ಉಷ್ಣತೆ, ವೇಗಗಳನ್ನು ಒಂದೊಂದಾಗಿ ತೋರಿಸತೊಡಗಿತು. ಹೊರಗೆ ಮೈನಸ್ 56 ಡಿಗ್ರಿ. ನೆಲಕ್ಕೆ ಹೋಲಿಸಿದ ವೇಗ ಗಂಟೆಗೆ 771 ಕಿಲೋಮೀಟರ್. ಅದರ ಕೆಳಗೆ ಎದುರುಗಾಳಿ 128 ಎಂದಿತ್ತು. ಎರಡನ್ನೂ ಕೂಡಿಸಿದೆ: 899. ವಿಮಾನ ಗಾಳಿಯೊಳಗೆ ತನ್ನ ಪೂರ್ಣ ವೇಗದಲ್ಲೇ ಹಾರುತ್ತಿತ್ತು, ಆದರೆ ಆ ಗಾಳಿಯೇ ಹಿಂದಕ್ಕೆ ಹರಿಯುತ್ತಿತ್ತು. ಆ ಮೂರು ಅಂಕಿಗಳು ಹಾಗೆ ತಾಳೆಯಾದಾಗ ಆದ ಸಂತೋಷ ಇಂದಿಗೂ ನೆನಪಿದೆ. ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಈ ಗಾಳಿಯ ಹೊಳೆ, ಅಂದರೆ ಜೆಟ್ ಸ್ಟ್ರೀಮ್, ಧ್ರುವದ ಕಡೆಯ ತಂಪು ಗಾಳಿಗೂ ದಕ್ಷಿಣದ ಬೆಚ್ಚನೆಯ ಗಾಳಿಗೂ ಇರುವ ಉಷ್ಣತೆಯ ಅಂತರದಿಂದ ಬಲ ಪಡೆಯುತ್ತದೆ. ಆ ಅಂತರ ಚಳಿಗಾಲದಲ್ಲಿ ಹೆಚ್ಚುವುದರಿಂದ ಹೊಳೆಯೂ ಆಗಲೇ ಉಕ್ಕುತ್ತದೆ. ಅಟ್ಲಾಂಟಿಕ್ ದಾಟುವ ದಾರಿಗಳನ್ನು ಗಾಳಿ ನೋಡಿಕೊಂಡು ಪ್ರತಿದಿನವೂ ಹೊಸದಾಗಿ ಗುರುತಿಸುವುದು ಈ ಕಾರಣಕ್ಕೇ.

ಹೋಗುವಾಗ ಕಳೆದುಕೊಂಡದ್ದು ಬರುವಾಗ ಪೂರ್ತಿ ಸಿಗುತ್ತದೆಂದು ನಾನು ನಂಬಿದ್ದೆ. ಅದೂ ತಪ್ಪು. ಗಾಳಿ ಎರಡು ಕಡೆಗೂ ಗಂಟೆಗೆ 100 ಕಿಲೋಮೀಟರ್ ಎಂದುಕೊಂಡರೆ ಹೋಗಲು ಸುಮಾರು 6 ಗಂಟೆ 55 ನಿಮಿಷ, ಬರಲು 5 ಗಂಟೆ 32 ನಿಮಿಷ; ಗಾಳಿಯೇ ಇಲ್ಲದ ದಿನಕ್ಕಿಂತ ಒಟ್ಟು ಒಂಬತ್ತು ನಿಮಿಷ ಹೆಚ್ಚು. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುತ್ತದೆ, ಹಿಂಗಾಳಿಯಲ್ಲಿ ಕಡಿಮೆ ಹೊತ್ತು.

ಒಂದು ವಾರದ ನಂತರ ಅದೇ ಸಾಗರದ ಮೇಲೆ ರಾತ್ರಿ ಮರಳುವಾಗ ಪರದೆಯಲ್ಲಿ ವೇಗ 1,046 ಎಂದಿತ್ತು. 2020ರ ಫೆಬ್ರವರಿಯ ಬಿರುಗಾಳಿಯಲ್ಲಿ ಒಂದು ಪ್ರಯಾಣಿಕ ವಿಮಾನ ಇದೇ ದಾರಿಯನ್ನು 4 ಗಂಟೆ 56 ನಿಮಿಷದಲ್ಲಿ ಮುಗಿಸಿತ್ತು. ನಮ್ಮದು ಅಷ್ಟು ವೇಗದ್ದಲ್ಲ. ಚಕ್ರಗಳು ನೆಲ ಮುಟ್ಟಿದ ಕೂಡಲೇ ಬೋರ್ಡಿಂಗ್ ಪಾಸಿನ ಹಿಂಬದಿಯಲ್ಲಿ, ಹೋಗುವಾಗ ಬರೆದಿಟ್ಟಿದ್ದ 7 ಗಂಟೆ 22 ನಿಮಿಷದ ಕೆಳಗೆ, 5 ಗಂಟೆ 48 ನಿಮಿಷ ಎಂದು ಬರೆದೆ.