ಮೂಳೆಗೆ ತಾಗದ ಕತ್ತಿ
ಚೀನಾದ ದಾವೋ ಚಿಂತಕ ಝುವಾಂಗ್‌ಝಿಯ ಹೆಸರಿನ ಗ್ರಂಥದಲ್ಲಿ ಡಿಂಗ್ ಎಂಬ ಅಡುಗೆಯವನೊಬ್ಬ ಬರುತ್ತಾನೆ. ಸಾಮಾನ್ಯ ಅಡುಗೆಯವರು ತಿಂಗಳಿಗೊಂದು ಕತ್ತಿ ಬದಲಿಸಿದರೆ, ಇವನದು 19 ವರ್ಷ ಸಾವಿರಾರು ಎತ್ತುಗಳನ್ನು ಕೊಯ್ದರೂ ಈಗಷ್ಟೇ ಸಾಣೆ ಹಿಡಿದಂತಿದೆ. ಕೀಲುಗಳ ನಡುವಿನ ಸಂದಿಯಲ್ಲೇ ನುಸುಳಿಸುತ್ತಾನೆ, ಮೂಳೆಗೆ ತಾಗಿಸುವುದಿಲ್ಲ. ಹೀಗೆ ಹೆಣಗಾಡದೆ ಮಾಡುವುದಕ್ಕೆ ದಾವೋ ಪರಂಪರೆಯಲ್ಲಿ 'ವು ವೇ' ಎನ್ನುತ್ತಾರೆ. ಸೋಮಾರಿತನಕ್ಕೆ ಅದನ್ನೇ ನೆಪ ಮಾಡಿಕೊಳ್ಳುವವರೂ ಇದ್ದಾರೆ; ನಾನೂ ಒಬ್ಬ.

ನನಗೆ ಹಿಡಿಸಿದ್ದು ಮಾತ್ರ ಬೇರೆ. ಗಂಟು ಬಿದ್ದಲ್ಲಿ ಆ ಡಿಂಗ್ ಕೂಡ ಅಳುಕುತ್ತಾನೆ, ಕಣ್ಣು ನೆಟ್ಟು ಕೈ ನಿಧಾನ ಮಾಡುತ್ತಾನೆ. ಈ ಬೆಳಿಗ್ಗೆ ನಾನೋ, ಕಚೇರಿಯ ಒಂದು ಸಿಕ್ಕುಸಿಕ್ಕಾದ ಇಮೇಲ್‌ಗೆ ಎರಡೇ ನಿಮಿಷದಲ್ಲಿ ಉತ್ತರ ಕುಟ್ಟಿ ಕಳುಹಿಸಿದೆ. ನೇರ ಮೂಳೆಗೇ ತಾಗಿತು. ಸಂಜೆಯವರೆಗೂ ಅದರದೇ ಸಮಜಾಯಿಷಿ.