82 ಮತ್ತು 83ನೇ ನಿಮಿಷ
2017ರ ಫುಟ್‌ಬಾಲ್ ಅಂಡರ್-17 ವಿಶ್ವಕಪ್ ಅಂದ್ರ ಎಲ್ಲರೂ ಜೀಕ್ಸನ್ ಸಿಂಗ್ ಗೋಲಿನ ಮಾತೇ ಆಡ್ತಾರ. ಆಡಲಿ, ಫಿಫಾ ವಿಶ್ವಕಪ್‌ದಾಗ ಭಾರತದ ಮೊದಲ ಗೋಲು ಅದು. ಕೊಲಂಬಿಯಾ ವಿರುದ್ಧ 82ನೇ ನಿಮಿಷ, ಬೆಂಗಳೂರಿನ ಸಂಜೀವ್ ಸ್ಟಾಲಿನ್ ಹೊಡೆದ ಕಾರ್ನರ್, ಜೀಕ್ಸನ್ ಹೆಡರ್, 1-1. ಆದ್ರ ಕಲಿಯೋದು ಇರೋದು 83ನೇ ನಿಮಿಷದಾಗ. ಮೊದಲ ಗೋಲು ಹೊಡೆದಿದ್ದ ಕೊಲಂಬಿಯಾದ ಪೆನ್ಯಾಲೋಸಾ ಮತ್ತೊಂದು ಹೊಡೆದ, 2-1, ಮುಗೀತು.

ಗೋಲು ಬಂದ ಹುರುಪಿಗೆ ಇಡೀ ಸಾಲು ಮುಂದ ಜಾರ್ತದ, ಡಿಫೆಂಡರ್ ಬೆನ್ನ ಹಿಂದ ಜಾಗ ಖಾಲಿ ಬೀಳ್ತದ. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಾಗ ಆಡೋ ಹುಡುಗರಿಗೂ ಇದೇ ರೋಗ. ಗೋಲಾದ ಮ್ಯಾಲ ಐದು ನಿಮಿಷ ಫುಲ್‌ಬ್ಯಾಕ್‌ಗಳು (ಎರಡೂ ಬದಿಯ ಡಿಫೆಂಡರ್‌ಗಳು) ಸೆಂಟರ್ ಲೈನ್ ದಾಟಬಾರದು; ಬಾಲ್ ಸಿಕ್ರ ಬದಿಗೆ, ಉದ್ದಕ್ಕ ಹೊಡೀರಿ. ಚಂದ ಕಾಣೋದು ಆಮೇಲೆ.

ನನ್ನ ಕೇಳಿದ್ರ 2018ರ ತಂಡವೇ ಗಟ್ಟಿ. ಮಲೇಷ್ಯಾದ ಏಷ್ಯಾ ಅಂಡರ್-16 ಟೂರ್ನಿದಾಗ ವಿಯೆಟ್ನಾಂ ಮ್ಯಾಲ 1-0, ಇರಾನ್, ಇಂಡೋನೇಷ್ಯಾ ಜೊತಿ 0-0. ಗುಂಪಿನಾಗ ಒಂದೂ ಗೋಲು ಬಿಡಲಿಲ್ಲ. ಕ್ವಾರ್ಟರ್‌ಫೈನಲ್‌ದಾಗ ದಕ್ಷಿಣ ಕೊರಿಯಾಕ್ಕ 0-1 ಸೋತು ಮುಂದಿನ ಅಂಡರ್-17 ವಿಶ್ವಕಪ್ ಸೀಟು ತಪ್ಪಿತು. 2017ರದ್ದು ಆತಿಥೇಯರಿಗೆ ಪುಕ್ಕಟೆ ಸಿಕ್ಕ ಸೀಟು, ಇದು ಹಂಗಲ್ಲ.

ನಮ್ಮ ಕಡಿ ಮತ್ತೊಂದು ತೊಡಕು ಅದ. ಶಾಲಿ ದಾಖಲೆದಾಗ ಎಷ್ಟೋ ಹುಡುಗರು ಹುಟ್ಟಿದ್ದು ಜೂನ್ 1, ಖರೇ ತಾರೀಖು ಬ್ಯಾರೆ! ಅಂಡರ್-17 ವಯಸ್ಸಿನ ಲೆಕ್ಕ ಜನವರಿ 1ರಿಂದ, ಗೊತ್ತುಪಡಿಸಿದ ವರ್ಷದ ಅವತ್ತು ಇಲ್ಲಾ ಆಮೇಲೆ ಹುಟ್ಟಿರಬೇಕು. ಮ್ಯಾಲ, 2009ರಿಂದ ಫಿಫಾ ಅಂಡರ್-17 ವಿಶ್ವಕಪ್‌ಗೆ ವಯಸ್ಸು ಪರೀಕ್ಷಿಸಲಿಕ್ಕ ಮಣಿಕಟ್ಟಿನ ಎಂಆರ್‌ಐ ನೋಡ್ತದ. ಎಲುಬಿನ ಬೆಳವಣಿಗೆ ತುದಿ ಪೂರ್ತಿ ಬೆಸೆದಿದ್ರ ಕಾಗದ ಏನೇ ಹೇಳಲಿ, ಹೊರಗ. ಹುಡುಗ ಸಣ್ಣಾಂವ ಇದ್ದಾಗಲೇ ಜನನ ಪ್ರಮಾಣಪತ್ರ, ಆಧಾರ್, ಶಾಲಿ ದಾಖಲೆ ಮೂರರಾಗೂ ಖರೇ ತಾರೀಖು ಒಂದೇ ಮಾಡಿಸಿ ಇಡ್ರಿ.