ಪಿಸಿಎಂಬಿಯೂ ಅಲ್ಲ, ಎಚ್‌ಇಪಿಎಸ್ಸೂ ಅಲ್ಲ

ಗಂಗಾವತಿಯ ನಮ್ಮ ಕಾಲೇಜಿನಲ್ಲಿ ನಾನು ಪಿಯುಸಿ ಓದಿದ್ದು 2013ರಿಂದ 2015ರವರೆಗೆ. ವಿಜ್ಞಾನ ವಿಭಾಗ, ಪಿಸಿಎಂಬಿ. ಅಪ್ಪ ರೈಸ್‌ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಒಳ್ಳೆಯ ಅಂಕ ಬಂದ ಮಗಳು ಸೈನ್ಸ್ ತೆಗೆದುಕೊಳ್ಳಬೇಕು ಎಂಬುದರಲ್ಲಿ ಮನೆಯಲ್ಲಿ ಎರಡನೇ ಮಾತಿರಲಿಲ್ಲ. ನನ್ನ ತಕರಾರೂ ಇರಲಿಲ್ಲ. ತಕರಾರು ಹುಟ್ಟಿದ್ದು ಹಿರೇಬೆಣಕಲ್ಲಿಗೆ ಹೋಗಿ ಬಂದ ಮೇಲೆ.

ಇತಿಹಾಸದ ಸರ್ ಕಲಾ ವಿಭಾಗದವರನ್ನು ಪ್ರತಿ ವರ್ಷ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡಕ್ಕೆ ಕರೆದೊಯ್ಯುತ್ತಿದ್ದರು. ಆ ಸಲ ಬಸ್ಸಿನಲ್ಲಿ ಸೀಟು ಉಳಿದದ್ದರಿಂದ ನಮ್ಮನ್ನೂ ಹತ್ತಿಸಿಕೊಂಡರು. ಭೌತಶಾಸ್ತ್ರದ ಸರ್ ಕೂಡ ಬಂದರು. ಗುಡ್ಡ ಹತ್ತಿದವರಿಗೆ ಗೊತ್ತು, ಅಲ್ಲಿ ಒಂದೆರಡಲ್ಲ, ನೂರಾರು ಶಿಲಾಸಮಾಧಿಗಳಿವೆ. ಎರಡು ಸಾವಿರ ವರ್ಷಗಳಿಗೂ ಹಿಂದಿನವು. ನಾಲ್ಕು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಕೆಲವಕ್ಕೆ ಗುಂಡಗಿನ ಕಿಂಡಿ. ಗಿಡ್ಡ ಜನರು ಕಟ್ಟಿಕೊಂಡ ಮನೆಗಳು ಎಂದು ಸುತ್ತಲಿನ ಹಳ್ಳಿಗಳಲ್ಲಿ ಹೇಳುತ್ತಾರೆ. ಬಂಡೆಯ ಮೇಲೆ ಬೆಂಕಿ ಹಾಕಿ, ಕಾಯಿಸಿ, ಬಡಿದು ಚಪ್ಪಡಿ ಎಬ್ಬಿಸಿದ್ದಾರು ಎಂದು ಇತಿಹಾಸದ ಸರ್ ಹೇಳುತ್ತಿದ್ದಂತೆ ಭೌತಶಾಸ್ತ್ರದ ಸರ್ ನಡುವೆ ಬಾಯಿ ಹಾಕಿದರು. ‘ಇದು ನಿಮ್ಮ ಪಠ್ಯದಲ್ಲಿರುವ ಉಷ್ಣ ವ್ಯಾಕೋಚನವೇ. ಮೇಲ್ಪದರ ಹಿಗ್ಗುತ್ತದೆ, ಒಳಗಿನದು ಹಿಗ್ಗುವುದಿಲ್ಲ, ಪದರ ಬಿಡುತ್ತದೆ.’ ಹಾಗಾದರೆ ಎಷ್ಟು ಸೌದೆ ಬೇಕು, ಇಷ್ಟು ಸಮಾಧಿಗೆ ಬೇಕಾದ ಕಾಡು ಇಲ್ಲಿ ಇತ್ತೇ ಎಂದು ಇತಿಹಾಸದ ಸರ್. ಗ್ರಾನೈಟ್ ತಾನಾಗಿಯೂ ಪದರ ಬಿಡುತ್ತದೆ, ಬೆಂಕಿಯೇ ಬೇಕೆಂದಿಲ್ಲ ಎಂದು ಭೌತಶಾಸ್ತ್ರದ ಸರ್. ನಾವು ಬುತ್ತಿ ಬಿಚ್ಚಿದರೂ ಅವರಿಬ್ಬರ ವಾದ ಮುಗಿಯಲಿಲ್ಲ. ನನ್ನ ಇಡೀ ವಿದ್ಯಾಭ್ಯಾಸದಲ್ಲಿ ಅದಕ್ಕಿಂತ ಒಳ್ಳೆಯ ತರಗತಿ ನೋಡಿಲ್ಲ.

ಅಲ್ಲಿಂದ ಮುಂದೆ ನನಗೆ ಕಲ್ಲು, ಸಮಾಧಿ, ಆ ಗಿಡ್ಡ ಜನರ ಕಥೆ, ಮೂರನ್ನೂ ಒಟ್ಟಿಗೆ ಓದಬೇಕೆನಿಸಿತು. ಕೇಳಿದವರೆಲ್ಲ ಕೊಟ್ಟದ್ದು ಒಂದೇ ಮರುಪ್ರಶ್ನೆ: ‘ಸೈನ್ಸೋ ಆರ್ಟ್ಸೋ?’ ಭೂವಿಜ್ಞಾನ ಬೇಕಾದರೆ ಬಿಎಸ್ಸಿ, ಇತಿಹಾಸ ಬೇಕಾದರೆ ಬಿಎ, ಜಾನಪದ ಆಮೇಲೆ ನೋಡೋಣ. ಈ ಕಾಂಬಿನೇಷನ್ನುಗಳನ್ನು ನಾನು ಹಳಿಯುವುದಿಲ್ಲ. ಕಲಾ ವಿಭಾಗದಲ್ಲಿ ಎಚ್‌ಇಪಿಎಸ್ ಓದಿದ ನನ್ನ ಗೆಳತಿಯರು ಇಂದು ಶಿಕ್ಷಕಿಯರು, ಪಿಡಿಒಗಳು. ನೇಮಕಾತಿ ಅಧಿಸೂಚನೆ ಯಾವ ವಿಷಯ ಕೇಳುತ್ತದೋ ಅದೇ ವಿಷಯವನ್ನು ಓದಿಕೊಂಡಿರುವುದು ಜಾಣತನವೇ. ಆದರೆ ನನ್ನ ಪ್ರಶ್ನೆ ಯಾವ ಕಾಂಬಿನೇಷನ್ನಿನಲ್ಲೂ ಹಿಡಿಸುತ್ತಿರಲಿಲ್ಲ.

ಇತಿಹಾಸದ ಸರ್ ಹತ್ತಿರ ಹೋದೆ. ‘ತಂಗಿ, ಏನು ಓದಬೇಕು ಎನ್ನುವುದನ್ನು ನನಗೆ ಹೇಳಬೇಡ. ಯಾವುದಕ್ಕೆ ಉತ್ತರ ಬೇಕು ಎನ್ನುವುದನ್ನು ಒಂದು ಪುಟದಲ್ಲಿ ಬರೆದುಕೊಂಡು ಬಾ’ ಎಂದರು. ಬರೆದುಕೊಂಡು ಹೋದೆ. ಕೆಂಪು ಶಾಯಿಯಲ್ಲಿ ಗೀಚಿ ವಾಪಸು ಕೊಟ್ಟರು. ಮತ್ತೆ ಬರೆದೆ, ಮತ್ತೆ ಕೆಂಪು. ‘ಪ್ರಾಚೀನ ಸಂಸ್ಕೃತಿಯ ಅಧ್ಯಯನ’ ಎಂದು ಬರೆದ ಸಾಲನ್ನು ಪೂರ್ತಿ ಹೊಡೆದುಹಾಕಿ, ಪಕ್ಕದಲ್ಲಿ ‘ಯಾರ? ಎಲ್ಲಿಯ? ಏನು ನೋಡಿ ಹೇಳುತ್ತೀ?’ ಎಂದು ಬರೆದಿದ್ದರು. ಕೊನೆಗೆ ಆ ಪುಟದಲ್ಲಿ ಉಳಿದದ್ದು ಇಷ್ಟು: ಈ ಚಪ್ಪಡಿಗಳನ್ನು ಎಬ್ಬಿಸಿದ ಬಗೆಯನ್ನು ಕಲ್ಲಿನ ಅಂಚು ನೋಡಿ ಹೇಳಬಹುದೇ, ಇಂದಿನ ಕಲ್ಲುಕುಟಿಗರ ಕೈಕೆಲಸ ಅದಕ್ಕೆ ಸಾಕ್ಷಿಯಾಗಬಲ್ಲದೇ?

ಗ್ರಂಥಾಲಯದ ಒಂದೇ ಕಂಪ್ಯೂಟರಿನಲ್ಲಿ, ಗ್ರಂಥಪಾಲಕರ ದಯದಿಂದ, ಹುಡುಕಾಟ ಶುರುವಾಯಿತು. ವಿದ್ಯಾರ್ಥಿಯೇ ತನ್ನ ಮುಖ್ಯ ವಿಷಯವನ್ನು ರೂಪಿಸಿಕೊಳ್ಳುವ ಪದವಿ ಅಮೆರಿಕದಲ್ಲಿ ಹೊಸದೇನಲ್ಲ ಎಂದು ತಿಳಿದದ್ದು ಆಗ. ವಿದ್ಯಾರ್ಥಿಗಳೇ ಪಟ್ಟು ಹಿಡಿದು ಕೇಳಿದ್ದರಿಂದ ಬ್ರೌನ್ ವಿಶ್ವವಿದ್ಯಾಲಯ 1969ರಲ್ಲೇ ಕಡ್ಡಾಯ ಪಠ್ಯಗಳ ಪಟ್ಟಿಯನ್ನು ಕೈಬಿಟ್ಟಿತ್ತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ಯಾಲಟಿನ್ ಶಾಲೆ 1972ರಿಂದ ಇದನ್ನೇ ಮಾಡುತ್ತಿತ್ತು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿತ್ತು. ಎಲ್ಲರ ಜಾಲತಾಣದಲ್ಲೂ ‘ನಿಮ್ಮ ಪದವಿ, ನಿಮ್ಮ ಕೈಯಲ್ಲಿ’ ಎಂಬ ಧಾಟಿಯ ಮಾತು. ಆ ಮಾತಿಗೆ ಮರುಳಾಗದಂತೆ ಕಾದದ್ದು ಆ ಒಂದು ಪುಟ. ಅದನ್ನು ಎದುರಿಗಿಟ್ಟುಕೊಂಡು ಒಂದೊಂದು ಕಾಲೇಜಿನಲ್ಲೂ ನೋಡಿದ್ದು ಎರಡೇ ಸಂಗತಿ. ಈ ಪ್ರಶ್ನೆಯನ್ನು ತಿದ್ದಬಲ್ಲ ಅಧ್ಯಾಪಕರು ಅಲ್ಲಿದ್ದಾರೆಯೇ? ಅಪ್ಪನ ಸಂಬಳ ನೋಡಿ ಶುಲ್ಕ ಇಳಿಸುತ್ತಾರೆಯೇ? ಈ ಜರಡಿಯಲ್ಲಿ ಹೆಚ್ಚಿನವು ಸೋಸಿಹೋದವು.

ಉಳಿದವುಗಳಲ್ಲಿ ಮ್ಯಾಸಚೂಸೆಟ್ಸ್‌ನ ಹ್ಯಾಂಪ್‌ಶೈರ್ ಕಾಲೇಜು ಒಂದು. 1970ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡ ಸಣ್ಣ ಕಾಲೇಜು. ಅಲ್ಲಿ ನಿಗದಿತ ವಿಭಾಗಗಳಿರಲಿಲ್ಲ, ಅಂಕಗಳೂ ಇರಲಿಲ್ಲ. ಅಧ್ಯಾಪಕರು ಪ್ರತಿ ಕೋರ್ಸಿಗೂ ವಿವರವಾದ ಅಭಿಪ್ರಾಯ ಬರೆದುಕೊಡುತ್ತಿದ್ದರು. ಪ್ರವೇಶಕ್ಕೆ ಎಸ್‌ಎಟಿ ಎಂಬ ಅಮೆರಿಕದ ಪ್ರವೇಶ ಪರೀಕ್ಷೆಯ ಅಂಕಗಳನ್ನು ನೋಡುವುದನ್ನು ಸಹ ನಿಲ್ಲಿಸಿದ್ದರು. ನನಗೆ ಮುಖ್ಯವಾದದ್ದು ಇನ್ನೊಂದು: ಅಕ್ಕಪಕ್ಕದ ಆಮ್‌ಹರ್ಸ್ಟ್, ಸ್ಮಿತ್, ಮೌಂಟ್ ಹೋಲಿಯೋಕ್ ಕಾಲೇಜುಗಳಲ್ಲೂ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲೂ ಅಲ್ಲಿನ ವಿದ್ಯಾರ್ಥಿಗಳು ತರಗತಿ ತೆಗೆದುಕೊಳ್ಳಬಹುದಿತ್ತು. ಹ್ಯಾಂಪ್‌ಶೈರಿನಲ್ಲಿ ಸಿಗದ ಭೂವಿಜ್ಞಾನದ ಪಾಠಕ್ಕೆ ಬಸ್ ಹತ್ತಿ ಹೋದರಾಯಿತು.

ಶಿಫಾರಸು ಪತ್ರಗಳ ಕಥೆ ಹೇಳಲೇಬೇಕು. ಇತಿಹಾಸದ ಸರ್ ‘ನನ್ನ ಇಂಗ್ಲಿಷಿನಲ್ಲಿ ನೀನು ಸಾಧಾರಣ ಹುಡುಗಿಯಾಗಿಬಿಡುತ್ತೀಯ’ ಎಂದು ಕನ್ನಡದಲ್ಲಿಯೇ ಎರಡು ಪುಟ ಬರೆದರು. ಇಂಗ್ಲಿಷ್ ಮೇಡಂ ಅದನ್ನು ಅನುವಾದಿಸಿ ಸಹಿ ಹಾಕಿದರು. ಪ್ರಾಂಶುಪಾಲರು ಎರಡಕ್ಕೂ ಮೊಹರು ಒತ್ತಿಸಿದರು, ಅದೂ ಪ್ರತಿ ಪುಟಕ್ಕೆ. ಅಪ್ಪನ ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಅಲೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಓದುವ ಎಲ್ಲರಿಗೂ ಅದು ಗೊತ್ತಿರುವ ಕಥೆಯೇ. ಪ್ರವೇಶವೂ ಸಿಕ್ಕಿತು, ನೆರವೂ ಸಿಕ್ಕಿತು. ವಿಮಾನದ ಟಿಕೆಟ್ಟಿಗೆ ರೈಸ್‌ಮಿಲ್ಲಿನ ಮಾಲೀಕರು ಸಾಲ ಕೊಟ್ಟರು.

ಅಲ್ಲಿನ ಚಳಿ, ಊಟ, ಒಂಟಿತನಗಳನ್ನು ಬಿಡುತ್ತೇನೆ. ಪದವಿಯ ಎರಡನೇ ಹಂತಕ್ಕೆ ಹೋಗುವ ಮುನ್ನ ಇಬ್ಬರು ಅಧ್ಯಾಪಕರನ್ನು ನಾವೇ ಒಪ್ಪಿಸಿ, ಏನು ಓದುತ್ತೇವೆ, ಯಾಕೆ ಎಂದು ಬರೆದುಕೊಡಬೇಕಿತ್ತು. ಸ್ವಾತಂತ್ರ್ಯ ಎಂದುಕೊಂಡು ಬಂದ ಅನೇಕರು ಅಲ್ಲಿ ತಡವರಿಸಿದರು. ನನಗೆ ಆ ಕೋಣೆಯಲ್ಲಿ ಹೆದರಿಕೆಯಾಗಲಿಲ್ಲ, ಯಾಕೆಂದರೆ ಗಂಗಾವತಿಯ ಸ್ಟಾಫ್ ರೂಮಿನಲ್ಲಿ ಇದಕ್ಕಿಂತ ಕಠಿಣವಾದ ಪರೀಕ್ಷೆ ಮೊದಲೇ ಆಗಿತ್ತು. ಕೊನೆಯ ವರ್ಷದ ಕೆಲಸಕ್ಕೆ ಹಿರೇಬೆಣಕಲ್ಲಿನ ಚಪ್ಪಡಿಗಳ ಅಂಚುಗಳನ್ನು ಅಳೆದೆ, ಕೊಪ್ಪಳದ ಕಡೆಯ ಕಲ್ಲುಕುಟಿಗರೊಂದಿಗೆ ಕ್ವಾರಿಗಳಲ್ಲಿ ಕುಳಿತೆ.

ಊರಿಗೆ ಮರಳಿದ ಮೇಲೆ ಅರ್ಜಿಗಳಲ್ಲಿ ‘ಐಚ್ಛಿಕ ವಿಷಯ’ ಎಂಬ ಕಾಲಮ್ಮಿನ ಮುಂದೆ ಪೆನ್ನು ನಿಂತಿತು. ವಿದೇಶಿ ಪದವಿಗೆ ಸಮಾನತೆಯ ಪ್ರಮಾಣಪತ್ರ ಪಡೆದರೂ ಭೂವಿಜ್ಞಾನವೆಂದಾಗಲಿ ಇತಿಹಾಸವೆಂದಾಗಲಿ ಬರೆಯುವ ಹಾಗಿಲ್ಲ. ಎರಡನ್ನೂ ಓದಿದವಳು ಎರಡಕ್ಕೂ ಅನರ್ಹಳು! ಪುರಾತತ್ವದಲ್ಲಿ ಸ್ನಾತಕೋತ್ತರ ಪದವಿ ಮಾಡಿದ ಮೇಲಷ್ಟೇ ಆ ಕಾಲಂ ತುಂಬಿತು. ಈಗಿನ ವಿದ್ಯಾರ್ಥಿಗಳು ಇದನ್ನು ಮೊದಲೇ ಲೆಕ್ಕ ಹಾಕಬೇಕು. ನಮ್ಮ ರಾಜ್ಯದಲ್ಲೂ 2021-22ರಲ್ಲಿ ಹೊಸ ಶಿಕ್ಷಣ ನೀತಿ ಬಂದಾಗ ವಿಷಯಗಳ ಗೋಡೆ ಸ್ವಲ್ಪ ತಗ್ಗಿತ್ತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದೇವೆ. ಗೋಡೆ ಏರುತ್ತದೋ ಇಳಿಯುತ್ತದೋ, ಪುಟ ಬರೆಯುವುದಕ್ಕೆ ಅದು ಅಡ್ಡಿಯಲ್ಲ.

ಕೆಂಪು ಶಾಯಿಯ ಆ ಹಾಳೆಗಳನ್ನೂ ಸರ್ ಬರೆದ ಕನ್ನಡ ಪತ್ರದ ಪ್ರತಿಯನ್ನೂ ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ನೋಡಬೇಕೆನ್ನುವವರು ಗ್ರಂಥಪಾಲಕರನ್ನು ಕೇಳಿ. ಜೆರಾಕ್ಸ್ ಮಾಡಿಕೊಳ್ಳಲು ಅನುಮತಿಯಿದೆ.